ಕಾಯಿಸಿಟ್ಟ ಸಾರು

ಅಕ್ಕನಿಗೆ ಬಿಪಿ ಜಾಸ್ತಿಯಿದೆ ಎಂದು ಹಾಸನದ ಡಾಕ್ಟರು ಹೇಳಿದ ದಿನ ನನಗೆ ಮೊದಲು ನೆನಪಾದವಳು ನಮ್ಮವ್ವ. ಅವ್ವನಿಗೂ ಹೆಚ್ಚುಕಮ್ಮಿ ಇದೇ ವಯಸ್ಸಿನಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಸಾಯುವತನಕ ಅವಳ ಬಾಯಿಗೆ ತುತ್ತು ಇಟ್ಟವಳು ಅಕ್ಕನೇ. ಇವಳಿಗೂ ಹಾಗೇ ಆದರೆ? ಛೆ, ಯೋಚಿಸುವುದಕ್ಕೂ ಆಗುತ್ತಿರಲಿಲ್ಲ.

ಮಾತ್ರೆ ತಪ್ಪಿಸಬೇಡಿ, ಉಪ್ಪು ಇಳಿಸಿ ಎಂದರು ಡಾಕ್ಟರು. ಅಕ್ಕ ಎರಡನ್ನೂ ಪಾಲಿಸಿದಳು. ಆದರೂ ಮತ್ತೆ ತೋರಿಸಿದಾಗ ಬಿಪಿ ಇಳಿದಿರಲಿಲ್ಲ. "ಏನಮ್ಮಾ ತಿಂತೀರಿ ಮನೇಲಿ?" ಎಂದು ಡಾಕ್ಟರ ಕೈಲಿ ಗದರಿಸಿಕೊಂಡು ಬಂದವಳು ಬಸ್ಸಿನಲ್ಲಿ ಕಣ್ಣೊರೆಸಿಕೊಂಡಳು.

"ಸಾರಿಗೆ ಉಪ್ಪು ಆಕೋಕ್ ಮುಂಚೆನೇ ನನ್ ಪಾಲು ತಗ್ದಿಟ್ಕೊತೀನಿ ಕಣೇ. ಇನ್ನೆಂಗ್ ಉಣ್ಲಿ?"

ಅವಳು ಸುಳ್ಳು ಹೇಳುವವಳಲ್ಲ. ಹಾಗಾದರೆ ಉಪ್ಪು ಎಲ್ಲಿಂದ ಬರುತ್ತಿದೆ? ನೋಡೇಬಿಡೋಣ ಎಂದು ಹಳ್ಳಿಮೈಸೂರಿನ ಅವಳ ಮನೆಯಲ್ಲೇ ಉಳಿದುಕೊಂಡೆ.

ಸಂಜೆಯ ಊಟ ಹೇಳಿದಂತೆಯೇ ಸಪ್ಪೆ ಉಂಡಳು. ಬೆಳಗ್ಗೆ ಭಾವನಿಗೆ ಬಿಸಿಬಿಸಿ ಚಿತ್ರಾನ್ನ ಕೊಟ್ಟು, ತಾನು ತಂಗಳು ಮುದ್ದೆ ಹಾಕಿಕೊಂಡು ಒಲೆ ಪಕ್ಕ ಕೂತಳು. ಜೊತೆಗೆ ಮೊನ್ನೆಯ ಬಸ್ಸಾರು. ನಮ್ಮ ಕಡೆ ಬಸ್ಸಾರು ಕಾಯಿಸಿದಷ್ಟೂ ರುಚಿ. ಕಾಯಿಸಿದಷ್ಟೂ ನೀರು ಇಂಗುತ್ತದೆ, ಉಪ್ಪು ಎಲ್ಲಿ ಹೋಗುತ್ತೆ? ಒಂದು ಬೆರಳು ನೆಕ್ಕಿದೆ. ಅಬ್ಬಬ್ಬಾ!

"ಅಯ್ಯೋ ನಿನ್ನ, ಇದೇನಕ್ಕಾ?"

"ಮಿಕ್ಕಿದ್ದು ಕಣೇ. ನಿಮ್ ಭಾವ ಅಳೇದು ಮುಟ್ಟಲ್ಲ. ಚೆಲ್ಲಕ್ಕಾಯ್ತದಾ?"

ಅವಳ ಲೆಕ್ಕದಲ್ಲಿ ಹೊಸದಾಗಿ ಮಾಡಿದ್ದು ಮಾತ್ರ ಊಟ. ಮಿಕ್ಕಿದ್ದನ್ನು ಮುಗಿಸುವುದು ಪಾತ್ರೆ ತೊಳೆದ ಹಾಗೆ, ಮನೆಗೆಲಸ. ಅಳಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಜಗಲಿಯಲ್ಲಿದ್ದ ಭಾವನಿಗೆ ಕೇಳಲೆಂದೇ ಕೂಗಿದೆ.

"ಅವ್ವನಂಗೆ ಇವ್ಳೂ ಬಿದ್ಕೊಂಡ್ರೆ ಬಾಯಿಗೆ ತುತ್ತು ಇಡೋರ್ಯಾರು ಭಾವ?"

ಭಾವ ಒಳಗೆ ಬಂದು, ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಚೆಲ್ಲಿ ಬಂದರು.

"ಇನ್ಮ್ಯಾಕೆ ನಂಗೂ ನಿನ್ ಸಾರೇ ಮಾಡು," ಎಂದರು.

ಮಧ್ಯಾಹ್ನ ಮೊದಲ ತುತ್ತಿಗೇ ಅವರ ಮುಖ ಹಿಂಡಿಹೋಯಿತು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಗಾಬರಿಯಿಂದ ಉಪ್ಪಿನ ಡಬ್ಬಿಗೆ ಕೈ ಚಾಚಿದಳು.

"ಬ್ಯಾಡ ಬುಡು. ನೀನ್ ನೆಟ್ಗಿದ್ರೆ ಸಾಕು ನಂಗೆ."

ಇಷ್ಟು ವರ್ಷದ ಸಂಸಾರದಲ್ಲಿ ಅಂಥ ಮಾತು ಕೇಳಿರದ ಅಕ್ಕ ಡಬ್ಬಿ ಹಿಡಿದುಕೊಂಡೇ ನಿಂತಳು. ಆಮೇಲೆ ಅದನ್ನು ಕೆಳಗಿಟ್ಟು, ತನಗೂ ಒಂದು ತಟ್ಟೆ ತಂದು, ಅವರ ಪಕ್ಕದಲ್ಲೇ ಕೂತು ಅದೇ ಪಾತ್ರೆಯಿಂದ ಸಾರು ಬಡಿಸಿಕೊಂಡಳು.