ಹತ್ತರ ಲೆಕ್ಕಕ್ಕೆ ಸೇರದವರು

ಇಸ್ರೇಲಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಯಹೂದಿ ಅಜ್ಜಿಯ ಮನೆಯಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚುವುದು ಹೆಂಗಸಿನ ಹಕ್ಕು. ಹೊತ್ತು ಮುಳುಗುವ ಮೊದಲು ಎರಡು ಮೇಣದಬತ್ತಿ ಹಚ್ಚಿ, ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಅಜ್ಜಿ ಏನೋ ಹೇಳಿಕೊಳ್ಳುತ್ತಿದ್ದಳು. ಕೈ ಗಡಗಡ ನಡುಗುತ್ತಿತ್ತು. ಕಡ್ಡಿ ಗೀರಿ ಕೊಡಲೇ ಎಂದು ಕೇಳಿದರೆ ನನ್ನನ್ನೇ ಗದರುತ್ತಿದ್ದಳು. ದೇವರು ಹೆಂಗಸರಿಗೆ ಕೊಟ್ಟದ್ದೇ ಇಷ್ಟು, ಅದನ್ನೂ ನಿನಗೆ ಕೊಟ್ಟುಬಿಡಬೇಕೇ ಎನ್ನುವುದು ಅವಳ ಮಾತು.

ನಾನು ಕುಂದಾಪುರದ ಮೀನುಗಾರರ ಮನೆಯವಳು. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನು ಬ್ರಹ್ಮಾವರದಲ್ಲಿ ನರ್ಸಿಂಗ್ ಓದಿಸಿದಳು. ಗಂಡ ತೀರಿಕೊಂಡ ಮೇಲೆ ಚಿಕ್ಕ ಮಗಳನ್ನು ಅಮ್ಮನ ಕೈಗೆ ಒಪ್ಪಿಸಿ ನಾನು ವಿಮಾನ ಹತ್ತಿದೆ. ಅಲ್ಲಿ ಆ ಅಜ್ಜಿಗೆ ಸ್ನಾನ ಮಾಡಿಸುತ್ತ, ಮಾತ್ರೆ ಕೊಡುತ್ತ, ಮಾಂಸದ ಪಾತ್ರೆ ಬೇರೆ ಹಾಲಿನ ಪಾತ್ರೆ ಬೇರೆ ಎಂದು ಬೈಸಿಕೊಳ್ಳುತ್ತ ಅವರ ಭಾಷೆ ಕಲಿತೆ.

ಅವರಲ್ಲಿ ಮಗು ಯಹೂದಿಯೋ ಅಲ್ಲವೋ ಎಂದು ತೀರ್ಮಾನವಾಗುವುದು ತಾಯಿಯಿಂದ. ಅಪ್ಪ ಎಷ್ಟೇ ದೊಡ್ಡ ಪಂಡಿತನಾಗಿದ್ದರೂ ತಾಯಿ ಬೇರೆ ಜಾತಿಯವಳಾದರೆ ಮಗು ಹೊರಗಿನದೇ. ಇದನ್ನು ಕೇಳಿದಾಗ ನನಗೆ ನಮ್ಮೂರಿನವರೇ ಸಿಕ್ಕಷ್ಟು ಖುಷಿಯಾಯಿತು. ನಮ್ಮಲ್ಲೂ ಹಾಗೇ ಅಜ್ಜಿ, ನಮ್ಮ ಕುಲದ ಕವಲಿಗೆ ಬಳಿ ಎನ್ನುತ್ತೇವೆ, ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಅಪ್ಪನಿಂದ ಅಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ರಕ್ತ ನಮ್ಮದು, ಮಾತು ಗಂಡಸರದು. ನಿಮ್ಮಲ್ಲೂ ಹಾಗೆಯೋ?" ಎಂದು ಕೇಳಿದಳು. ನಮ್ಮಲ್ಲಿ ಹಾಗಿಲ್ಲ ಎಂದೆ.

ಅವಳ ಕಹಿ ಸುಮ್ಮನೆ ಬಂದದ್ದಲ್ಲ. ಸತ್ತ ಗಂಡ ದಿನಾ ಬೆಳಿಗ್ಗೆ, ತನ್ನನ್ನು ಹೆಣ್ಣಾಗಿ ಹುಟ್ಟಿಸದ ದೇವರಿಗೆ ಪ್ರಾರ್ಥನೆಯಲ್ಲಿ ಧನ್ಯವಾದ ಹೇಳಿ, ಅದೇ ಉಸಿರಿಗೆ ಇವಳ ಹತ್ತಿರ ಕಾಫಿ ಕೇಳುತ್ತಿದ್ದನಂತೆ. ಅವರ ಬೀದಿಯ ಪ್ರಾರ್ಥನಾಮಂದಿರದಲ್ಲಿ ಹೆಂಗಸರು ಮೇಲೆ, ಪರದೆಯ ಹಿಂದೆ. ಸಾಮೂಹಿಕ ಪ್ರಾರ್ಥನೆ ಶುರುವಾಗಬೇಕಾದರೆ ಹತ್ತು ಜನ ಬೇಕು, ಆ ಹತ್ತೂ ಗಂಡಸರೇ ಆಗಬೇಕು. ಒಂಬತ್ತು ಗಂಡಸರಿದ್ದು ಪರದೆಯ ಹಿಂದೆ ಐವತ್ತು ಹೆಂಗಸರು ಕೂತಿದ್ದರೂ ಜನ ಸಾಲದು ಎಂದೇ ಲೆಕ್ಕ. ಆಗ ಬೀದಿಗೆ ಓಡಿ, ಆಗಷ್ಟೇ ಮೀಸೆ ಚಿಗುರುತ್ತಿರುವ ಯಾವನನ್ನಾದರೂ ಎಳೆದು ತರುತ್ತಾರೆ. ಎಲ್ಲ ಕಡೆ ಹೀಗಿಲ್ಲ, ಬೇರೆ ಪಂಗಡದವರು ಹೆಂಗಸರನ್ನೂ ಹತ್ತರಲ್ಲಿ ಎಣಿಸುತ್ತಾರೆ, ಕೆಲವೆಡೆ ಹೆಂಗಸರೇ ಪ್ರಾರ್ಥನೆ ನಡೆಸುತ್ತಾರೆ ಎಂದು ಅಜ್ಜಿಯ ಮಗಳು ನನಗೆ ಹೇಳಿದ್ದಳು. ಅಲ್ಲಿಗೆ ಹೋಗೋಣ ಎಂದು ಅವಳು ಅಂಗಲಾಚಿದರೂ ಅಜ್ಜಿ ಒಪ್ಪಲಿಲ್ಲ. ಅವಳಿಗೆ ತನ್ನ ಬೀದಿಯದ್ದೇ ಆಗಬೇಕು, ಅಲ್ಲೇ ತನ್ನನ್ನು ಎಣಿಸಬೇಕು.

ಆ ಮಗಳು ಒಬ್ಬಳೇ ಸಂತಾನ. ತಂದೆತಾಯಿ ಸತ್ತರೆ ಗಂಡುಮಕ್ಕಳು ಹೇಳುವ ಕದ್ದಿಶ್ ಎಂಬ ಪ್ರಾರ್ಥನೆ ಅವರಲ್ಲಿದೆ. ತನಗೆ ಅದನ್ನು ಮಗಳೇ ಹೇಳಬೇಕು ಎಂದು ಅಜ್ಜಿ ಪಟ್ಟು ಹಿಡಿದಿದ್ದಳು. ಮಗಳು ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಬಾಯಿಪಾಠ ಮಾಡಿದಳು. ಕೇಳಿ ಕೇಳಿ ನನಗೂ ಅರ್ಧ ಬರುತ್ತಿತ್ತು.

ಅಜ್ಜಿ ಹೋದ ದಿನವೇ ಮಣ್ಣು ಮಾಡಿದರು. ಅಂತ್ಯಕ್ರಿಯೆ ನಡೆಸುವವರು ಹೆಂಗಸರನ್ನು ಹಿಂದೆಯೇ ನಿಲ್ಲಿಸಿದರು. ಎಲ್ಲಿಂದಲೋ ಬಂದ ದೂರದ ನೆಂಟನೊಬ್ಬನ ಕೈಗೆ ಪುಸ್ತಕ ಕೊಟ್ಟರು. ಅವನು ನಮ್ಮತ್ತ ಬಂದು, ಸತ್ತವಳ ಹೆಸರೇನು, ಯಾರ ಮಗಳು ಎಂದು ಕೇಳಿದ. ಮಗಳು ಅವನ ಕಿವಿಯಲ್ಲಿ ಹೇಳಿದಳು. ಅವನು ತಿರುಗಿ ಹೋಗಿ ಅದನ್ನು ದೊಡ್ಡ ದನಿಯಲ್ಲಿ ಹೇಳಿದ. ಆಮೇಲೆ ಕದ್ದಿಶ್ ಶುರುವಾದಾಗ ಮಗಳ ತುಟಿಯೂ ಅಲ್ಲಾಡುತ್ತಿತ್ತು. ಗಡ್ಡದವನೊಬ್ಬ ತಿರುಗಿ ನೋಡಿದ. ತುಟಿ ನಿಂತಿತು. ಅವನನ್ನು ನಮ್ಮೂರ ಭಾಷೆಯಲ್ಲಿ ಬೈಯಬೇಕು ಅನ್ನಿಸಿ ನನ್ನ ನಾಲಿಗೆ ತುರಿಸಿತು.

ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಪಾಪ ಪಾಪ ಎಂದಳು. ಆಮೇಲೆ, "ಮಗಾ, ನಂಗ್ ನೀನೇ ಕೊಳ್ಳಿ ಇಡ್ಕ್" ಎಂದಳು.

"ಚಿಕ್ಕಪ್ಪ ಬಿಡ್ತ್ರಾ?"

"ಅವ್ರನ್ನ್ ಕೇಂಬುದ್ ಎಂತಕ್? ಬಳಿ ನಮ್ದ್ ಅಲ್ದಾ?"

ನಾನು ಊರಿಗೆ ಬಂದೆ. ಅಮ್ಮ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು. ಬೇರೆಯವರ ತಾಯಿಗೆ ಮಾಡಿದ ಚಾಕರಿಯನ್ನು ಕಡೆಗೂ ನನ್ನ ತಾಯಿಗೆ ಮಾಡಿದೆ. ಕೊಳ್ಳಿ ನಾನೇ ಇಡಬೇಕೆಂಬ ಮಾತನ್ನು ಅವಳು ಚಿಕ್ಕಪ್ಪನ ಎದುರಿಗೇ ಮತ್ತೊಮ್ಮೆ ಹೇಳಿದಳು. ಅಪ್ಪನ ತಮ್ಮ, ಅಪ್ಪ ತೀರಿಕೊಂಡ ಮೇಲೆ ಮನೆಗೆ ಹಿರಿಯರಾದ ಅವರು, ಅಕ್ಕು, ಅಕ್ಕು, ಹಾಗೇ ಆಗಲಿ ಎಂದು ತಲೆಯಾಡಿಸಿದರು. ಸಾಯುವವರ ಎದುರು ಎಲ್ಲರೂ ಧಾರಾಳಿಗಳೇ.

ಅಮ್ಮನ ಉಸಿರು ನಿಂತ ಬೆಳಿಗ್ಗೆಯೇ ಚಿಕ್ಕಪ್ಪ ಬೈಂದೂರಿಗೆ ಫೋನ್ ಮಾಡಿದರು. ಅಮ್ಮನಿಗೆ ಗಂಡುಮಕ್ಕಳಿಲ್ಲ; ನಮ್ಮ ಬಳಿಯ ಗಂಡಸೆಂದರೆ ನನ್ನ ದೊಡ್ಡಮ್ಮನ, ಅಂದರೆ ಅಮ್ಮನ ಅಕ್ಕನ, ಮಗನೊಬ್ಬನೇ. ಅವನು ಮುಂಬೈಯಲ್ಲಿ ಹುಟ್ಟಿ ಬೆಳೆದವನು, ಅಲ್ಲೇ ಹೋಟೆಲು. ಯಾರದೋ ಮದುವೆಗೆಂದು ಬೈಂದೂರಿಗೆ ಬಂದಿದ್ದ. ದೊಡ್ಡಮ್ಮ ಸತ್ತ ಮೇಲೆ ಅವನು ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅವನಿಗಾಗಿ ಅಮ್ಮನ ಹೆಣ ಮಧ್ಯಾಹ್ನದವರೆಗೆ ಅಂಗಳದಲ್ಲಿ ಕಾಯಿತು. ಅಮ್ಮ ಹೇಳಿದ್ದು ನೆನಪಿಲ್ಲವಾ ಎಂದು ನಾನು ಎಲ್ಲರೆದುರೇ ಕೇಳಿದೆ.

"ಅವ್ರಿಗ್ ಸಮಾಧಾನ ಆಯ್ಲಿ ಅಂದೇಳಿ ಅಕ್ಕು ಅಂದದ್ದ್ ಮಗಾ" ಎಂದರು ಚಿಕ್ಕಪ್ಪ. "ಹೆಂಗ್ಸ್ರ್ ಸುಡುಗಾಡಿಗ್ ಬಪ್ಪುಕಾಗ. ನಾಳೆ ನಾಕ್ ಜನ ಎಂತ ಹೇಳ್ತ್ರ್?"

ಕಾರಿನಿಂದಿಳಿದವನಿಗೆ ಪ್ಯಾಂಟು ಬಿಚ್ಚಿಸಿ ಪಂಚೆ ಉಡಿಸಿದರು. ಹೆಣ ಎತ್ತುವ ಮೊದಲು, ಕ್ರಿಯೆ ಮಾಡಿಸಲು ಪಕ್ಕದೂರಿನಿಂದ ಬಂದಿದ್ದ ಹಿರಿಯರು, ಸತ್ತವರ ಬಳಿಯ ಹೆಸರು ಹೇಳದೆ ಕ್ರಿಯೆ ಸಾಗದು ಎಂದು, ಕೇಳಿದರು:

"ಬಳಿ ಯಾವ್ದ್?"

ಅವನು ಚಿಕ್ಕಪ್ಪನ ಮುಖ ನೋಡಿದ. "ಮಮ್ಮಿಗೆ ಗೊತ್ತಿತ್ತ್. ನಂಗ್ ಗೊತ್ತಿಲ್ಲ" ಎಂದ. ಚಿಕ್ಕಪ್ಪನ ಬಳಿ ಬೇರೆ, ಅವರಿಗೂ ಗೊತ್ತಿಲ್ಲ. ಊರಲ್ಲಿ ನಮ್ಮ ಬಳಿಯವರೆಂದು ಉಳಿದದ್ದು ನಾನು ಮತ್ತು ನನ್ನ ಮಗಳು. ಅಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ಜಗಲಿಯ ಕಡೆ ತಿರುಗಿದರು. ಬೆಳಿಗ್ಗೆಯಿಂದ ನಾನು ಅವರಿಗೆ ಬೇಕಾದದ್ದು ಆಗಲೇ.

ಅವನು ಜಗಲಿಯ ಹತ್ತಿರ ಬಂದು ಕಿವಿ ಒಡ್ಡಿದ. ನನಗೆ ಅಜ್ಜಿಯನ್ನು ಮಣ್ಣು ಮಾಡಿದ ಆ ಸ್ಮಶಾನ ಕಣ್ಣೆದುರು ಬಂತು.

"ನಾ ಸುಡುಗಾಡಿಗ್ ಬಂದ್ ಹೇಳ್ತೆ" ಎಂದೆ.

ಗಂಡಸರು ಹೆಣ ಬಿಟ್ಟು ನೆರಳಿಗೆ ಸರಿದು ನಿಂತರು. ಬಿಸಿಲು ಅಮ್ಮನ ಮುಖಕ್ಕೆ ಬರುತ್ತಿತ್ತು, ನೊಣ ಕೂರುತ್ತಿತ್ತು. ನೆರೆಮನೆಯ ಮುದುಕಿ ನನ್ನ ಕೈ ಹಿಡಿದು, "ಹೇಳ್ ಮಗಾ, ಹೊತ್ತಾಯ್ತ್. ನಿನ್ ಅಮ್ಮ ಅಲ್ದಾ?" ಎಂದಳು. ಅವರು ಕಾದೇ ಗೆದ್ದರು. ಹೆಣ ನನ್ನ ಅಮ್ಮನದು, ನೋಯುವುದು ನನಗೆ ಮಾತ್ರ ಎಂದು ಅವರಿಗೆ ಗೊತ್ತಿತ್ತು. ನಾನು ಹೇಳಿದೆ. ಪಿಸುಗುಟ್ಟಲಿಲ್ಲ, ಬೀದಿಗೆ ಕೇಳುವಂತೆ ಹೇಳಿದೆ. ಅವನು ಅದನ್ನು ಅರ್ಧಂಬರ್ಧ ಒಪ್ಪಿಸಿದ, ಅವರಿಗೆ ಅಷ್ಟೇ ಸಾಕಾಯಿತು. ಚಟ್ಟ ಎತ್ತಿಕೊಂಡು ಹೋದರು. ನಾವು ಹೆಂಗಸರು ಅಂಗಳ ತೊಳೆದೆವು.

ಸಂಜೆ ಅಜ್ಜಿಯ ಮಗಳು ವಿಡಿಯೋದಲ್ಲಿ ಬಂದಳು. ನಡೆದದ್ದು ಹೇಳಿದೆ. ನಿಮ್ಮಲ್ಲಿ ಹಾಗಿಲ್ಲ ಎಂದು ನಮ್ಮಮ್ಮನಿಗೆ ಹೇಳಿದ್ದೆಯಲ್ಲ ಎಂದು ಅವಳು ಕೇಳಲಿಲ್ಲ. ಇಬ್ಬರೂ ಅತ್ತೆವು. ಅವಳು ಈಗ ತಾಯಿಯ ಬೀದಿಯ ಮಂದಿರ ಬಿಟ್ಟು, ಹೆಂಗಸರನ್ನು ಎಣಿಸುವ ಮಂದಿರಕ್ಕೆ ಬಸ್ಸು ಹಿಡಿದು ಹೋಗಿ ಕದ್ದಿಶ್ ಹೇಳುತ್ತಾಳಂತೆ. ನನಗೆ ಕುಂದಾಪುರದಿಂದ ಯಾವ ಬಸ್ಸು ಹಿಡಿಯಬೇಕೋ ಗೊತ್ತಿಲ್ಲ.

ಉತ್ತರಕ್ರಿಯೆಯ ಊಟ ಮುಗಿದು ಜನ ಹೋದ ಮೇಲೆ, ಪಾತ್ರೆ ಒರೆಸುತ್ತಿದ್ದ ಮಗಳು ನನ್ನ ಹತ್ತಿರ ಬಂದಳು. ಅವಳಿಗೀಗ ಹೈಸ್ಕೂಲು.

"ಅಮ್ಮಾ, ಅವತ್ತ್ ಎಂತದೋ ಹೇಳಿದ್ಯಲ್ಲ, ಅದ್ ನಂದೂ ಬಳಿಯಾ?"

"ಹೌದ್. ನಿಂದೇ."

ನಿಧಾನವಾಗಿ ಹೇಳಿಕೊಟ್ಟೆ. ಅವಳು ತಪ್ಪಿಲ್ಲದೆ ಒಪ್ಪಿಸಿದಳು.

"ನಾ ಸತ್ತಾಗ ನೀನೇ ಬಂದ್ ಕೊಳ್ಳಿ ಇಟ್ಟ್, ಅದನ್ನ್ ಹೇಳ್ಕ್" ಎಂದೆ. "ನಿನ್ನ ಬಿಡ್ದಿರೆ ಯಾರಿಗೂ ಹೇಳ್ಬೇಡ."

"ಹಾಂಗಾರೆ ಅವ್ರ್ ನಿನ್ನ ಎಂತ ಹೇಳಿ ಕಳ್ಸುದ್?"

"ಎಂತದೂ ಬೇಡ. ಬಾಯ್ ಮುಚ್ಕಂಡ್ ಕಳ್ಸ್ಲಿ."