ದೊರೆಸಾನಿ ಹೇಳಿದ ಪಾದ್ರಿ ಸಂಸಾರ

ದೊರೆಸಾನಿಯ ಮೂಗು ವರ್ಷವಿಡೀ ಸಿಪ್ಪೆ ಏಳುತ್ತಿತ್ತು. ಹೊಳಲ್ಕೆರೆಯ ಬಿಸಿಲಿಗೆ ಮೊದಲು ಕೆಂಪಗಾಗುವುದು, ಆಮೇಲೆ ಈರುಳ್ಳಿಯ ಒಳಪೊರೆಯಂಥ ತೆಳ್ಳನೆಯ ಸಿಪ್ಪೆ ಎದ್ದು ನಿಲ್ಲುವುದು. ಮಾತಾಡುತ್ತ ಮಾತಾಡುತ್ತ ಅವರು ಅದನ್ನು ಉಗುರಿನಿಂದ ಸುಲಿದು, ಬೆರಳಲ್ಲಿ ಉಂಡೆ ಮಾಡಿ, ನಮ್ಮ ಪಡಸಾಲೆಯ ಮೂಲೆಗೆ ಎಸೆಯುತ್ತಿದ್ದರು. ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಹುಟ್ಟಿನಿಂದಲೂ ನನಗೆ ಹೇಸಿಗೆ ಜಾಸ್ತಿ. ಅನ್ನದಲ್ಲಿ ಒಂದು ಕೂದಲು ಸಿಕ್ಕರೆ ಆವತ್ತಿನ ಊಟ ಮುಗಿದಂತೆಯೇ. ಆದರೂ ಆ ಮೂಗನ್ನು ಈಗ ನೆನೆದರೆ ಅಸಹ್ಯವಾಗುವುದಿಲ್ಲ. ನನ್ನ ಅಸಹ್ಯವೆಲ್ಲ ಇನ್ನೊಬ್ಬನ ಪಾಲಿಗೆ ಖರ್ಚಾಗಿ ಹೋಗಿದೆ.

ಅವರು ಊರಾಚೆಯ ಮಿಶನ್ ಬಂಗಲೆಯ ಪಾದ್ರಿಯ ಹೆಂಡತಿ. ಪಾದ್ರಿ ಇಂಗ್ಲೆಂಡಿನವನು, ಅವರು ಸ್ವೀಡನ್ ಎಂಬ ಚಳಿದೇಶದವರು. ನಾನು ಆಗಷ್ಟೇ ಹತ್ತಿ ವ್ಯಾಪಾರದ ಮನೆಗೆ ಕಿರಿ ಸೊಸೆಯಾಗಿ ಬಂದವಳು. ಮಹಾರಾಜರ ಕಾಲದ ಲಿಂಗವಂತರ ಮನೆ, ಮಿಶನ್ನಿನವರಿಗೆ ಜಗಲಿಯೇ ಗಡಿ. ಆದರೆ ದೊರೆಸಾನಿ ಉಣ್ಣೆಯಲ್ಲಿ ಒಂದು ಕುಲಾವಿ ಹೆಣೆದು ನಮ್ಮ ಅತ್ತೆಯ ಮೊಮ್ಮಗನಿಗೆ ಕಳಿಸಿದರು. ಕೂಸು ಅದನ್ನು ಹಾಕಿಕೊಂಡು ನಕ್ಕಿತು. ಅಷ್ಟಕ್ಕೇ ನಮ್ಮತ್ತೆ ಕರಗಿ, "ಒಳಗ್ ಬರ್ರಿ, ಕುಂತ್ಕಳ್ರಿ" ಎಂದು ಪಡಸಾಲೆಯಲ್ಲಿ ಮಣೆ ಹಾಕಿದರು. ಅವರು ಎದ್ದು ಹೋದ ಮೇಲೆ ಆ ಜಾಗವನ್ನು ಸೆಗಣಿಯಿಂದ ಸಾರಿಸುವ ಕೆಲಸ ನನ್ನದು. ಒಂದು ದಿನ ಅವರು ಬಿಟ್ಟುಹೋದ ಛತ್ರಿಗೆಂದು ಹಿಂದಿರುಗಿ ಬಂದು, ನಾನು ಸಾರಿಸುತ್ತಿದ್ದುದನ್ನು ಕಂಡರು. ನಾನು ಸೆಗಣಿ ಕೈಯಲ್ಲಿ ಹಾಗೇ ಕುಳಿತೆ.

"ಸಾರ್ಸವ್ವ, ಸಾರ್ಸು. ನೆಲ ಚೊಕ್ಕಟ ಆಗ್ತೈತೆ. ನಾನು ದಿನಾ ಬಂದ್ರೆ ದಿನಾ ಚೊಕ್ಕಟ" ಎಂದು ನಕ್ಕು ಛತ್ರಿ ಎತ್ತಿಕೊಂಡು ಹೋದರು.

ಅವರ ಕನ್ನಡ ಹಾಗೇ ಇತ್ತು. ಪಾದ್ರಿ ಮುನ್ಷಿಯ ಬಳಿ ಹಳಗನ್ನಡದ ಪೊರೆ ಬಿಡದ ಕನ್ನಡ ಕಲಿತಿದ್ದ. ಇವರು ಕಲಿತದ್ದು ಅಡಿಗೆಯವಳ ಬಳಿ, ನೀರು ಹೊರುವವಳ ಬಳಿ. ಪಾದ್ರಿ ಬಾಯಿ ತೆರೆದರೆ ನಮ್ಮೂರಲ್ಲಿ ಅರ್ಧ ಜನಕ್ಕೆ ಅರ್ಥವಾಗುತ್ತಿರಲಿಲ್ಲ, ಉಳಿದರ್ಧ ಜನಕ್ಕೆ ನಗು ಬರುತ್ತಿತ್ತು.

ದೊರೆಸಾನಿಯ ಬಳಿ ಅವರ ದೇಶದ ಒಂದು ಕಾದಂಬರಿ ಇತ್ತು. ಹಳ್ಳಿಯ ಬಡ ಪಾದ್ರಿ ಒಬ್ಬ, ಅವನ ಹೆಂಡತಿ, ಮನೆ ತುಂಬ ಮಕ್ಕಳು, ಹಿಮ, ಮೇಣದ ದೀಪ, ಒಲೆಯ ಮೇಲೆ ಸದಾ ಕಾಫಿ. ಕೊಲೆಯಿಲ್ಲ, ಕಳವಿಲ್ಲ, ರಾಜಕುಮಾರಿ ಇಲ್ಲ. ಗಂಡ ಹೆಂಡತಿ ಸಾರಿನ ಉಪ್ಪಿಗೆ ಜಗಳವಾಡುತ್ತಾರೆ, ರಾಜಿಯಾಗುತ್ತಾರೆ. ಇಷ್ಟೇ. ಇದನ್ನು ಕನ್ನಡಕ್ಕೆ ತರಬೇಕೆಂಬುದು ಅವರ ಜೀವದ ಆಸೆ. ಮಕ್ಕಳಿರಲಿಲ್ಲ ಅವರಿಗೆ. "ಇದೊಂದು ನನ್ ಕೈಯಿಂದ ಆಗ್ಲಿ, ಸಾಕು" ಎನ್ನುತ್ತಿದ್ದರು.

ಅವರ ಕೆಲಸದ ರೀತಿಯೇ ವಿಚಿತ್ರ. ಮಧ್ಯಾಹ್ನ ನಾವು ನಾಲ್ಕಾರು ಹೆಂಗಸರು ಹಾಸಿಗೆಗೆಂದು, ದೀಪದ ಬತ್ತಿಗೆಂದು ಹತ್ತಿಯಿಂದ ಬೀಜ ಬಿಡಿಸುತ್ತ ಕೂರುತ್ತಿದ್ದೆವು. ಅವರು ಬರೆದು ತಂದ ಹಾಳೆ ಓದುತ್ತಿದ್ದರು. ಕಣ್ಣು ಮಾತ್ರ ಹಾಳೆಗಿಂತ ನಮ್ಮ ಕೈಗಳ ಮೇಲೆಯೇ ಜಾಸ್ತಿ. ಕಥೆ ಹಿಡಿಸಿದರೆ ನಮ್ಮ ಕೈ ತಾನಾಗಿ ನಿಲ್ಲುತ್ತಿತ್ತು, ಬೇಸರವಾದರೆ ಬೀಜ ಚಟಚಟನೆ ಬುಟ್ಟಿಗೆ ಬೀಳುತ್ತಿತ್ತು. ಬೀಜ ಬಿದ್ದ ಕಡೆಯೆಲ್ಲ ಅವರು ಗೀಟು ಹೊಡೆದು, ಮರುದಿನ ಬೇರೆ ಮಾತಿನಲ್ಲಿ ಬರೆದು ತರುತ್ತಿದ್ದರು. "ಇದನ್ನ ನಿಮ್ಮಲ್ಲಿ ಹೆಂಗಂತೀರಿ?" ಎಂದು ಕೇಳುವುದು, ನಾವು ಅಂದದ್ದನ್ನು ಹಾಗೇ ಇಳಿಸುವುದು. ಬಿಡುವಿದ್ದಾಗ ಅದೇ ಹಾಳೆಗಳನ್ನು ಮುಂದಿಟ್ಟು ನನಗೆ ಅಕ್ಷರ ಕಲಿಸಿದರು.

ಒಂದು ದಿನ ಬಂದ ಪ್ರಸಂಗ ಇದು. ಕಥೆಯ ಹೆಂಡತಿ ತುಂಬಿದ ಬಸುರಿ, ಬಗ್ಗಲಾರಳು. ಹೊರಗೆ ಹಿಮ, ಬೂಟು ಹಾಕದೆ ಹೊರಡುವಂತಿಲ್ಲ. ಪಾದ್ರಿ ನೆಲಕ್ಕೆ ಮೊಣಕಾಲೂರಿ, ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೂಟಿನ ದಾರ ಕಟ್ಟಿದ.

ಎಲ್ಲರ ಕೈಯೂ ನಿಂತಿತು.

"ಛೀ, ಗಂಡನ ಕೈಲಿ ಕಾಲು ಹಿಡಿಸ್ಕಂಡ್ಲಾ?" ಎಂದರು ಪಕ್ಕದ ಮನೆಯಾಕೆ. "ಆ ಪಾಪ ಎಲ್ಲಿ ತೊಳ್ಕಂತಾಳೆ?"

"ಹೇಸಿಗೆ ಕಥೆ, ನಿಲ್ಸ್ರಿ" ಎಂದು ನಮ್ಮತ್ತೆ ಸೆರಗು ಕೊಡವಿಕೊಂಡು ಎದ್ದು ಒಳಗೆ ಹೋದರು. ದೊರೆಸಾನಿ ಹಾಳೆ ಮಡಿಚಿದರು. ಸ್ವಲ್ಪ ಹೊತ್ತಿಗೆ ನಮ್ಮತ್ತೆ ಒಂದು ಚೊಂಬು ನೀರು ಕುಡಿದು ಬಂದು ಮತ್ತೆ ಕೂತರು. "ಆಮೇಲೇನಾತು? ದಾರ ನೆಟ್ಟಗೆ ಕಟ್ಟಿದ್ನಾ, ಇಲ್ಲಾ ದಾರೀಲಿ ಬಿಚ್ಕಂತಾ?"

ನಮ್ಮ ಮನೆಯಲ್ಲಿ ಗಂಡಸರು ಉಂಡೆದ್ದ ಗಂಗಾಳದಲ್ಲೇ ಹೆಂಗಸರು ಉಣ್ಣಬೇಕು. ಗಂಡನ ಬೆರಳು ಓಡಾಡಿದ ಸಾರು, ಅವನು ಹಿಂಡಿ ಬಿಟ್ಟ ನಿಂಬೆಸಿಪ್ಪೆ, ಬದಿಗೆ ಉಗಿದ ಮೆಣಸಿನಕಾಯಿ ತೊಟ್ಟು. ಅದು ಧರ್ಮ, ಅದು ಪುಣ್ಯ. ನಾನು ಕಣ್ಣು ಮುಚ್ಚಿ ನುಂಗುತ್ತಿದ್ದೆ, ಕೆಲವು ದಿನ ಹಿತ್ತಿಲಿಗೆ ಓಡಿ ಕಕ್ಕಿಯೂ ಬರುತ್ತಿದ್ದೆ. ಆ ಎಂಜಲು ಪವಿತ್ರವಂತೆ, ಬಸುರಿ ಹೆಂಡತಿಯ ಬೂಟಿನ ದಾರ ಹೇಸಿಗೆಯಂತೆ. ಯಾವುದಕ್ಕೆ ಹೇಸಬೇಕು ಎಂಬ ಪ್ರಶ್ನೆ ನನಗೆ ಮೊದಲು ಎದ್ದದ್ದು ಆ ಮಧ್ಯಾಹ್ನ.

ಆವತ್ತೇ ನಮ್ಮತ್ತೆ ಕೇಳಿದರು, "ಅಂಥ ಗಂಡಸ್ರು ಇರ್ತಾರೇನ್ರೀ?"

"ನಮ್ಮ ದೇಶದಾಗೆ ಒಬ್ರೋ ಇಬ್ರೋ ಅವ್ರೆ. ಪುಸ್ತಕದಾಗೆ ಒಬ್ಬ ಅವ್ನೆ" ಎಂದರು ದೊರೆಸಾನಿ. ಮೂಗು ಕೆರೆದುಕೊಂಡು, "ನಮ್ಮನೇಲಿ ಇಲ್ಲ" ಎಂದರು.

ಅವರ ಮನೆಯಲ್ಲಿ ಇದ್ದವನನ್ನು ನಾನೂ ನೋಡಿದೆ. ದೊರೆಸಾನಿ ನಮ್ಮಲ್ಲಿ ಮರೆತುಹೋದ ಉಣ್ಣೆಯುಂಡೆ ಕೊಟ್ಟು ಬಾ ಎಂದು ನಮ್ಮತ್ತೆ ನನ್ನನ್ನು ಕೆಲಸದವಳ ಜೊತೆ ಬಂಗಲೆಗೆ ಕಳಿಸಿದ್ದರು. ಪಾದ್ರಿ ಒಬ್ಬನೇ ಮೇಜಿಗೆ ಕೂತು ಮೊಟ್ಟೆ ತಿನ್ನುತ್ತಿದ್ದ. ಹಳದಿ ಲೋಳೆ ಗಡ್ಡಕ್ಕೆ ಇಳಿದಿತ್ತು. ನನಗಂತೂ ಮೊಟ್ಟೆ ಕಂಡರೇ ಆಗದು, ಇನ್ನು ಗಡ್ಡದಲ್ಲಿ ಮೊಟ್ಟೆ. ಅವನು ಕೈಯ ಪಕ್ಕದಲ್ಲಿದ್ದ ಸಣ್ಣ ಹಿತ್ತಾಳೆ ಗಂಟೆಯನ್ನು ತಲೆ ಎತ್ತದೆ ಅಲ್ಲಾಡಿಸಿದ. ಆಳು ಬರುತ್ತಾನೆಂದು ನಾನಂದುಕೊಂಡೆ. ಬಂದವರು ದೊರೆಸಾನಿ. ಉಪ್ಪಿನ ಡಬ್ಬಿ ಅವನ ಕೈಗೆ ಒಂದು ಮೊಳ ದೂರದಲ್ಲಿತ್ತು. ಅವರು ಅದನ್ನು ಸರಿಸಿ ಕೊಟ್ಟು, ಗೋಡೆಗೆ ಒತ್ತಿಕೊಂಡು ನಿಂತರು. ಭಾನುವಾರ ಇದೇ ಮನುಷ್ಯ ಜನರನ್ನು ಕೂಡಿಸಿಕೊಂಡು ದಾಂಪತ್ಯವೆಂಬುದು ಪ್ರೇಮದ ಪವಿತ್ರ ಒಡಂಬಡಿಕೆ ಎಂದು ಬೋಧಿಸುತ್ತಿದ್ದ. ಅವನಿಗೆ ಬಹುವಚನ ಕೊಡಲು ನನ್ನಿಂದ ಆಗದು, ಓದುವವರು ಕ್ಷಮಿಸಬೇಕು.

ಕಥೆ ಮುಗಿಯುವ ಹೊತ್ತಿಗೆ ಸುದ್ದಿ ಮಿಶನ್ನಿನ ಮೇಲಿನವರಿಗೆ ಮುಟ್ಟಿತು. ಹತ್ತಿ ವ್ಯಾಪಾರಿಯ ಮನೆಯ ಹೆಂಗಸರು ಪಾದ್ರಿ ಸಂಸಾರದ ಶುಭ್ರವಾದ ಕಥೆಯೊಂದನ್ನು ದಿನವೂ ಕೇಳುತ್ತಾರಂತೆ ಎಂದು ದೊಡ್ಡ ಪಾದ್ರಿಯೇ ಮೈಸೂರಿನಿಂದ ಹೊರಟುಬಂದ. ಅಚ್ಚು ಹಾಕಿಸುವ ಮಾತು. ನಮ್ಮ ಮಾವ ಹೆಮ್ಮೆಯಿಂದ ಅಮಲ್ದಾರರನ್ನೂ ಕರೆಸಿ ಪಡಸಾಲೆಯಲ್ಲಿ ಜಮಖಾನ ಹಾಸಿದರು. ಗಂಡಸರೆಲ್ಲ ಕೂತರು. ದೊರೆಸಾನಿ ಹಾಳೆಗಳ ಕಟ್ಟು ಹಿಡಿದು ಕಂಬದ ಬಳಿ ನಿಂತಿದ್ದರು. ಆವತ್ತು ಮೂಗಿಗೆ ಏನೋ ಪುಡಿ ಹಚ್ಚಿಕೊಂಡು ಬಂದಿದ್ದರು. ನಾವು ಹೆಂಗಸರು ನಡುಮನೆಯ ಬಾಗಿಲ ಹಿಂದೆ.

ದೊಡ್ಡ ಪಾದ್ರಿ ಬಾಗಿಲ ಕಡೆ ತಿರುಗಿ ಕೇಳಿದ. "ಅಮ್ಮನವರೇ, ಇಷ್ಟು ಸೊಗಸಾಗಿ ಈ ಕಥೆಯನ್ನು ಕನ್ನಡದಲ್ಲಿ ಮಾಡಿದವರು ಯಾರು?"

ನಮ್ಮತ್ತೆ ಬಾಗಿಲ ಹಿಂದಿನಿಂದಲೇ ಸ್ಪಷ್ಟವಾಗಿ ಹೇಳಿದರು. "ನಮ್ಮ ಪಾದ್ರಿ ಸ್ವಾಮ್ಯೋರು."

ಇದು ಸುಳ್ಳು ಹೇಳುವ ಉದ್ದೇಶದ ಮಾತಲ್ಲ. ನಮ್ಮಲ್ಲಿ ಅದು ಮರ್ಯಾದೆ. ಗಂಡ ಎದುರಿಗೆ ಕೂತಿರುವಾಗ, ಹತ್ತು ಗಂಡಸರ ನಡುವೆ, ಇದು ಹೆಂಡತಿ ಮಾಡಿದ್ದು ಎಂದರೆ ಆ ಮನೆಗೇ ಅವಮಾನ. ಹೆಂಗಸು ನೆಟ್ಟ ಗಿಡ, ಹಾಕಿದ ಉಪ್ಪಿನಕಾಯಿ, ಹೆತ್ತ ಮಗು ಎಲ್ಲವೂ ಯಜಮಾನರ ಹೆಸರಲ್ಲೇ ಹೊರಗೆ ಹೋಗಬೇಕು. ದೊರೆಸಾನಿಯನ್ನು ನಮ್ಮವರೇ ಎಂದು ತಿಳಿದು, ನಮ್ಮವರಿಗೆ ಕೊಡುವ ಗೌರವವನ್ನೇ ನಮ್ಮತ್ತೆ ಅವರಿಗೂ ಕೊಟ್ಟಿದ್ದರು.

ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ದೊರೆಸಾನಿಯ ಬಾಯಿ ಅರ್ಧ ತೆರೆದು ನಿಂತಿತು. ಅವರು ಗಂಡನ ಮುಖ ನೋಡಿದರು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು, ಇಲ್ಲ, ಇದು ನನ್ನ ಹೆಂಡತಿಯದು ಎಂದು. ಅವನು ನಮ್ಮನೆಯ ಹಾಲು ಕುಡಿದು, ಮೀಸೆಯ ಮೇಲಿನ ಕೆನೆಯನ್ನು ನಾಲಿಗೆ ಚಾಚಿ ನೆಕ್ಕಿಕೊಂಡ. ಆಮೇಲೆ ಮೇಲೆ ನೋಡಿ, "ಸರ್ವವೂ ಭಗವತ್ಕೃಪೆ" ಎಂದ.

ಆ ನಾಲಿಗೆ, ಆ ಕೆನೆ ಈಗಲೂ ನನ್ನ ಕಣ್ಣಲ್ಲಿದೆ. ನನ್ನ ಆಯುಷ್ಯದಲ್ಲಿ ಅದಕ್ಕಿಂತ ಹೊಲಸನ್ನು ನಾನು ಕಂಡಿಲ್ಲ.

ಮರುದಿನ ದೊರೆಸಾನಿ ಬಂದರು. ನಮ್ಮತ್ತೆ ಹಿಗ್ಗಿನಲ್ಲಿದ್ದರು. "ನಿಮ್ಮನೆ ಮರ್ಯಾದೆ ಉಳಿಸಿದ್ನೋ ಇಲ್ವೋ?" ಎಂದರು.

"ಉಳಿಸಿದ್ರಿ ಅಮ್ಮ" ಎಂದು ದೊರೆಸಾನಿ ಮಣೆಯ ಮೇಲೆ ಕೂತರು. "ನಿಮ್ದೇನೂ ತಪ್ಪಿಲ್ಲ. ನೀವು ಕೊಟ್ರಿ. ಅವರು ತಗಂಡ್ರು." ಆಮೇಲೆ ಅವರು ಅತ್ತರು. ಆ ಕೆಂಪು ಮೂಗು ಇನ್ನೂ ಕೆಂಪಾಯಿತು. ಏನು ನಡೆದುಹೋಯಿತೆಂದು ನಮ್ಮತ್ತೆಗೆ ಆಗ ಹೊಳೆಯಿತು. ಮಡಿ ಮೈಲಿಗೆ ಮರೆತು ಅವರ ಬೆನ್ನ ಮೇಲೆ ಕೈಯಿಟ್ಟರು. ಆವತ್ತಿನಿಂದ ಆ ಜಾಗ ಸಾರಿಸು ಎಂದು ನನಗೆ ಹೇಳಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ಮೇಲೆ ದಪ್ಪಕ್ಷರದಲ್ಲಿ ಅವನ ಹೆಸರು. ನಮ್ಮತ್ತೆಯ ಅಪ್ಪಣೆಯಂತೆ ನಾನೇ ಓದಿದೆ. ಮುನ್ಷಿಯ ಕೈ ಆಡಿ ಕಥೆಯ ಹೆಂಡತಿ "ಎಲೈ ಪ್ರಾಣಕಾಂತನೇ" ಎನ್ನುತ್ತಿದ್ದಳು. ಬೂಟಿನ ದಾರವನ್ನು ಒಬ್ಬ ದಾಸಿ ಬಂದು ಕಟ್ಟಿದಳು. ಹೆಂಗಸರೆಲ್ಲರ ಬುಟ್ಟಿಯಲ್ಲೂ ಬೀಜ ಮಳೆ ಬಿದ್ದಂತೆ ಬೀಳುತ್ತಿತ್ತು.

"ಸಾಕು, ನಿಲ್ಸೇ" ಎಂದರು ನಮ್ಮತ್ತೆ. "ಹಳಸಿದ ಅನ್ನ ಇದ್ದಂಗೈತೆ. ಆಯಮ್ಮ ಬರ್ಲಿ, ಬಾಯಾಗೆ ಹೇಳ್ಲಿ."

ದೊರೆಸಾನಿ ಬಂದು ಬಾಯಲ್ಲೇ ಹೇಳಿದರು, ಮೊದಲಿನಿಂದ. ಬೂಟಿನ ದಾರ ಬಂದಾಗ ನಮ್ಮತ್ತೆ "ಹಾಂ, ಈಗ ಸರಿಹೋತು" ಎಂದರು. ಪಾದ್ರಿಗೆ ಆ ಪುಸ್ತಕದಿಂದ ದುರ್ಗಕ್ಕೆ ಬಡ್ತಿ ಸಿಕ್ಕಿತು. ಹೊರಡುವಾಗ ದೊರೆಸಾನಿ ನಮ್ಮ ಹೊಸಿಲಲ್ಲಿ ನಿಂತು, "ಪುಸ್ತಕ ಅವರ್ದಾತು. ನೀವು ಕೇಳಿದ್ದು ನನ್ದು" ಎಂದು ನನ್ನ ಕೆನ್ನೆ ತಟ್ಟಿದರು. ನಾನು ಅವರನ್ನು ಜೀವಸಹಿತ ನೋಡಿದ್ದು ಅದೇ ಕಡೆ.

ಕೆಲವು ವರ್ಷಗಳ ಮೇಲೆ, ದೊರೆಸಾನಿ ದುರ್ಗದಲ್ಲಿ ಜ್ವರ ಬಂದು ತೀರಿಹೋದರು ಎಂದು ಹತ್ತಿ ಗಾಡಿಯವನು ಸುದ್ದಿ ತಂದಾಗ ಮಣ್ಣು ಮಾಡಿ ಬಹಳ ದಿನವಾಗಿತ್ತು. ತವರಿಗೂ ಮಠಕ್ಕೂ ಬಿಟ್ಟು ಬೇರೆಲ್ಲಿಗೂ ಹೋಗದ ನಮ್ಮತ್ತೆ, ನನ್ನನ್ನು ಕರೆದುಕೊಂಡು ದುರ್ಗಕ್ಕೆ ಗಾಡಿ ಹೂಡಿಸಿದರು. ಮಾವನಿಗೆ ದುರ್ಗದ ಸಂತೆಗೆ ಎಂದರು. ಮಿಶನ್ನಿನ ಹಿತ್ತಿಲಲ್ಲಿ ಹೊಸ ಗೋರಿಕಲ್ಲು ಇತ್ತು. "ಓದವ್ವ" ಎಂದರು. ಓದಿದೆ. ಇಂಥ ಪಾದ್ರಿಯವರ ಪ್ರಿಯಪತ್ನಿ ಎಂದಿತ್ತು. ಪಾದ್ರಿಯ ಹೆಸರು ಪೂರ್ತಿಯಾಗಿ, ಬಿರುದುಗಳ ಸಮೇತ.

"ಆಯಮ್ಮನ ಹೆಸ್ರು ಎಲ್ಲೈತೆ?"

"ಇಲ್ಲ ಅತ್ತೆ."

"ಇಲ್ಲಂದ್ರೆ? ಕಲ್ಲಿನ ಹಿಂದಗಡೆ ನೋಡು."

ಹಿಂದೆಯೂ ಇರಲಿಲ್ಲ. ದೊರೆಸಾನಿ ದೊರೆಸಾನಿ ಎಂದೇ ಕರೆದ ನಮಗೂ ಅದು ಗೊತ್ತಿರಲಿಲ್ಲ. ಅಷ್ಟರಲ್ಲಿ ಬಂಗಲೆಯಿಂದ ಅವನೇ ಛತ್ರಿ ಹಿಡಿದು ಬಂದ. ಗಡ್ಡ ಬೆಳ್ಳಗಾಗಿತ್ತು. "ಶಿಲೆ ರಮಣೀಯವಾಗಿರುವುದಲ್ಲವೇ?" ಎಂದ.

ಪರಗಂಡಸಿನ ಮುಖ ನೋಡಿ ಮಾತಾಡಿದವರಲ್ಲ ನಮ್ಮತ್ತೆ. ಆವತ್ತು ನೇರವಾಗಿ ಅವನ ಮುಖ ನೋಡಿದರು. "ಸ್ವಾಮ್ಯೋರೇ, ಆಯಮ್ಮನ ಹೆಸ್ರೇನ್ರಿ?"

ಅವನು ನಕ್ಕ. "ನಿಮಗದು ಉಚ್ಚರಿಸಲು ಬಾರದು ತಾಯಿ."

"ಬರ್ತೈತೋ ಇಲ್ವೋ ನಾವ್ ನೋಡ್ಕಂತೀವಿ. ನೀವು ಹೇಳ್ರಿ."

ಅವನು ಹೇಳಿದ. ನಮ್ಮತ್ತೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಅವನ ಬೂಟಿನ ಪಕ್ಕದಲ್ಲಿ ಥೂ ಎಂದು ಉಗಿದು, ನನ್ನ ಕೈ ಹಿಡಿದು ಗಾಡಿಗೆ ಬಂದರು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಮೊದಲು ಕೇಳುವುದೇ ಯಾರ ಹೆಂಡತಿ ಎಂದು. ಅವನ ಹೆಸರನ್ನು ನನ್ನ ಕೈಯಿಂದ ಬರೆಸಬೇಡಿ, ಈ ಕೈಗೆ ಅಕ್ಷರ ಕಲಿಸಿದವರು ದೊರೆಸಾನಿ.

ದಾರಿಯುದ್ದಕ್ಕೂ ನಮ್ಮತ್ತೆ ಆ ಹೆಸರನ್ನು ಹೇಳಿಕೊಂಡರು. ಮೊದಲು ನಾಲಿಗೆ ಹೊರಳಲಿಲ್ಲ. ನಡುವಿನ ಒಂದು ಒತ್ತಕ್ಷರ ಜಾರಿ ಜಾರಿ ಹೋಗುತ್ತಿತ್ತು. ಕಟ್ಟಿಕೊಂಡ ಗಂಡನ ಹೆಸರನ್ನೇ ಬಾಯಿ ಬಿಟ್ಟು ಹೇಳದ ಹೆಂಗಸು, ಮಗು ಪಾಠ ಒಪ್ಪಿಸಿದಂತೆ ಒಪ್ಪಿಸುತ್ತ ಕೂತರು. ಊರು ಹತ್ತಿರವಾಗುವಾಗ ಸರಿಯಾಗಿ ಬಂತು.

ಪಡಸಾಲೆಯಲ್ಲಿ ನಮ್ಮ ಮಾವ ನಾಲ್ಕು ಜನ ವ್ಯಾಪಾರಿಗಳ ಜೊತೆ ಕೂತಿದ್ದರು. "ಸಂತೆ ಆತಾ? ಎರಡು ದಿನ ಎಲ್ಲಿಗೆ ಹೋಗಿದ್ರಿ?" ಎಂದರು.

ನಮ್ಮತ್ತೆ ಬಾಗಿಲ ಹಿಂದೆ ಸರಿಯಲಿಲ್ಲ. ಪಡಸಾಲೆಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಆ ಹೆಸರು ಹೇಳಿದರು.

"ಅದ್ಯಾರದು?"

"ಕಥೆ ಬರ್ದಾಕೆ" ಎಂದರು ನಮ್ಮತ್ತೆ.