ಮೂರು ಹಾಡಿನ ಲೆಕ್ಕ

ತೇಹ್ ನಿನಿಂಗ್‌ಳನ್ನು, ಅಂದರೆ ನಿನಿಂಗ್ ಅಕ್ಕನನ್ನು, ಅರಿಯದವರು ಬಾಂಡುಂಗ್ ಅಂಚಿನ ನಮ್ಮ ಉಜುಂಗ್‌ಬೆರುಂಗ್‌ನಲ್ಲಿ ಯಾರೂ ಇಲ್ಲ. ಆದರೆ ಎಲ್ಲರೂ ಅವಳನ್ನು ಗುರುತಿಸುವುದು ಫೋಟೋ ತೆಗೆಯುವವಳು ಎಂದಲ್ಲ, ತಲೆಬುರುಡೆಯವಳು ಎಂದು. ಬಾಂಡುಂಗ್‌ನ ಅರ್ಧಕ್ಕರ್ಧ ಬ್ಯಾಂಡುಗಳ ಕರಿ ಟೀ ಶರ್ಟಿನ ಮೇಲೆ ತಲೆಬುರುಡೆ, ಮುಳ್ಳುತಂತಿ, ಓದಲಿಕ್ಕೇ ಬಾರದ ಹೆಸರು ಇವನ್ನೆಲ್ಲ ಅಚ್ಚು ಹಾಕುವುದು ಅವಳೇ. ಯಾವಾಗ ನೋಡಿದರೂ ಹಿಜಾಬಿನ ಅಂಚಿಗೆ ಬಿಳಿ ಬಣ್ಣ ಮೆತ್ತಿರುತ್ತದೆ.

ಅವಳಿಗೆ ಕ್ಯಾಮೆರಾ ಹುಚ್ಚು ಹಿಡಿಸಿದ್ದು ತೊಂಗೆರೆತ್. ತೊಂಗೆರೆತ್ ಅಂದರೆ ಮರದ ಮೇಲೆ ಕೂತು ಕಿವಿ ತೂತು ಮಾಡುವ ಜೀರುಂಡೆ. ನಮ್ಮೂರ ಬ್ಯಾಂಡಿಗೂ ಅದೇ ಹೆಸರು, ಅದೇ ಕೆಲಸ. ಅದರ ಹಾಡುಗಾರ ಕಾಂಗ್ ಗುಗುಮ್, ಅಂದರೆ ಗುಗುಮ್ ಅಣ್ಣ, ಒಂದು ದಿನ ಟೀ ಶರ್ಟಿಗೆ ಹಾಕಿಸಲು ತನ್ನದೊಂದು ಫೋಟೋ ತಂದಿದ್ದ. ತೇಹ್ ನಿನಿಂಗ್ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದು ನೀವಾ ಕಾಂಗ್, ಇಲ್ಲ ಬೇಯಿಸಿದ ಮರಗೆಣಸಾ?”

“ಅಷ್ಟು ಗೊತ್ತಿದ್ರೆ ನೀನೇ ತೆಗಿಯೇ!”

ತೆಗೆದೇಬಿಟ್ಟಳು. ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಒಂದನ್ನು ಕೊಂಡಳು. ಅದರ ಜೊತೆಗೆ ಬಂದದ್ದು ಗಿಡ್ಡನೆಯ ಲೆನ್ಸ್, ಐವತ್ತು ಎಂಎಂನದು. ಕತ್ತಲಲ್ಲೂ ಸುಮಾರಾಗಿ ಕಾಣಿಸುತ್ತಿತ್ತು, ಆದರೆ ಹಿಂದೆ ಮುಂದೆ ತಿರುಗಿಸಿ ದೂರ ಹತ್ತಿರ ಮಾಡಲು ಬರುತ್ತಿರಲಿಲ್ಲ. ದೂರ ಬೇಕೆಂದರೆ ತಾನೇ ಹಿಂದೆ ನಡೆಯಬೇಕು.

ಇಷ್ಟಕ್ಕೇ ನಿಂತಿದ್ದರೆ ಅವಳಿಗೆ ತಲೆಬಿಸಿ ಇರುತ್ತಿರಲಿಲ್ಲ. ತೊಂಗೆರೆತ್ ಊರೂರು ಸುತ್ತುತ್ತ ಸುರಬಾಯವರೆಗೆ ಹೊರಟಿತ್ತು. ವ್ಯಾನಿನಲ್ಲಿ ಒಂದೇ ಒಂದು ಸೀಟು ಉಳಿದಿತ್ತು. ಕಾಂಗ್ ಗುಗುಮ್ ಎಲ್ಲರೆದುರಿಗೇ ಹೇಳಿಬಿಟ್ಟ: “ಭಾನುವಾರದ ಶೋದಲ್ಲಿ ಯಾರ ಫೋಟೋ ನಮಗೆ ಹಿಡಿಸುತ್ತೋ ಆ ಸೀಟು ಅವ್ರಿಗೆ.” ಆ ಕ್ಷಣದಿಂದ ತೇಹ್ ನಿನಿಂಗ್ ಅಚ್ಚು ಹಾಕಿದ ತಲೆಬುರುಡೆಗಳಿಗೆಲ್ಲ ಮೂಗು ಸೊಟ್ಟ. ಆ ಸೀಟು ಬೇಕೇ ಬೇಕು. ಆದರೆ ಯಾವ ಲೆನ್ಸ್?

ಕೇಳಬಾರದಿತ್ತು, ಕೇಳಿದಳು. ಒಬ್ಬರು ಕ್ಯಾಮೆರಾ ಬದಲಾಯಿಸು ಅಂದರು. ಇನ್ನೊಬ್ಬರು ಕ್ಯಾಮೆರಾ ಏನೂ ಅಲ್ಲ, ಲೆನ್ಸೇ ಎಲ್ಲ ಅಂದರು. ಕಾಂಗ್ ರುಸ್ಮಾನ ಅಂತ ಒಬ್ಬನಿದ್ದಾನೆ, ಬಾಂಡುಂಗ್‌ನ ಯಾವ ಶೋದಲ್ಲೂ ಎದುರಿಗೇ ನಿಂತು ಫೋಟೋ ತೆಗೆಯುವವನು, ಆ ಸೀಟಿನ ಮೇಲೆ ಅವನಿಗೂ ಕಣ್ಣು. ಅವನು ಲೆನ್ಸೂ ಅಲ್ಲ, ಕಣ್ಣು ಮುಖ್ಯ ಅಂದ. ಅದನ್ನು ಹೇಳುವಾಗ ಅವನ ಕೊರಳಲ್ಲಿ ಎರಡು ಕ್ಯಾಮೆರಾ ತೂಗುತ್ತಿದ್ದವು.

ಕೊನೆಗೆ ಹೋದದ್ದು ಕ್ಯಾಮೆರಾ ಬಾಡಿಗೆಗೆ ಕೊಡುವ ಚೆಯು ಯೋಯೋಹ್ ಅನ್ನುವ ಹಿರಿಯಕ್ಕನ ಅಂಗಡಿಗೆ. ಜೊತೆಗೆ ನಾನೂ ಹೋಗಿದ್ದೆ.

“ಮದುವೆಗಾ?” ಅಂತ ಕೇಳಿದರು ಚೆಯು.

“ಅಲ್ಲ ಚೆಯು, ಸಂಗೀತಕ್ಕೆ.”

“ಹಂಗಾದ್ರೆ ಇದೇ. ದೊಡ್ಡ ದೊಡ್ಡ ಸ್ಟೇಡಿಯಮ್ಮಲ್ಲೆಲ್ಲ ಇದನ್ನೇ ಹಿಡ್ಕೊಂಡಿರ್ತಾರೆ, ನೋಡಿಲ್ವಾ?” ಅಂತ ಚಹಾದ ಫ್ಲಾಸ್ಕಿನಷ್ಟು ದಪ್ಪದ ಉದ್ದ ಲೆನ್ಸೊಂದನ್ನು ಕೌಂಟರಿನ ಮೇಲಿಟ್ಟರು. ತೇಹ್ ನಿನಿಂಗ್ ಅದನ್ನು ಎತ್ತಿದಳು, ಕೆಳಗಿಟ್ಟಳು, ಮತ್ತೆ ಎತ್ತಿದಳು. ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಅದು ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ಅವಳು ಹೌದು ಅಂದುಕೊಂಡು ಗುರುತಿನ ಚೀಟಿಯನ್ನು ಅಲ್ಲಿ ಒತ್ತೆಯಿಟ್ಟು ಫ್ಲಾಸ್ಕನ್ನು ಹೊತ್ತು ತಂದಳು. ತನ್ನ ಗಿಡ್ಡ ಲೆನ್ಸನ್ನು ಕಾಲುಚೀಲದೊಳಗೆ ತುರುಕಿ ಚೀಲದ ತಳಕ್ಕೆ ಹಾಕಿದಳು.

ಭಾನುವಾರದ ಶೋ ನಮ್ಮ ಬ್ಯಾಡ್ಮಿಂಟನ್ ಹಾಲ್‌ನಲ್ಲಿ. ವೇದಿಕೆಗೂ ಜನಕ್ಕೂ ನಡುವೆ ಬಿದಿರು ಕಟ್ಟಿ ಒಂದು ಓಣಿ ಮಾಡಿದ್ದರು, ಫೋಟೋದವರಿಗೆ ಅಂತ. ಓಣಿ ಅಂದರೆ ಓಣಿ. ಇಬ್ಬರು ಎದುರುಬದುರಾದರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಅಲ್ಲಿಗೆ ಕಾವಲು ಮಾಂಗ್ ಉಚಾ, ನಮಗೆಲ್ಲ ಚಿಕ್ಕಪ್ಪನಂಥವರು. ಉಳಿದ ದಿನಗಳಲ್ಲಿ ಮಕ್ಕಳಿಗೆ ಸಿಲತ್ ಕುಸ್ತಿ ಕಲಿಸುವವರು. ಈ ಸಲ ಸಂಘಟಕರು ಅವರಿಗೆ ಹೊಸ ನಿಯಮವೊಂದನ್ನು ಒಪ್ಪಿಸಿದ್ದರು. ದೊಡ್ಡ ಶೋಗಳಲ್ಲಿ ಹೇಗೋ ಹಾಗೆ: ಫೋಟೋದವರು ಓಣಿಯಲ್ಲಿರುವುದು ಮೊದಲ ಮೂರು ಹಾಡಿಗೆ ಮಾತ್ರ, ಆಮೇಲೆ ಹೊರಗೆ.

ಆ ನಿಯಮ ಮಾಡಿದವರು ತೊಂಗೆರೆತ್ ಹಾಡು ಕೇಳಿರಲಿಲ್ಲ ಅಂತ ಕಾಣುತ್ತದೆ. ಅವರದು ಒಂದೊಂದು ಹಾಡೂ ಸೀನು ಬಂದು ಹೋದಷ್ಟು ಹೊತ್ತು.

ಶೋ ಎಂದಿನಂತೆ ತಡ. ಬೆಳಿಗ್ಗೆ ಶುರುವಾಗಬೇಕಿದ್ದದ್ದು ಮಧ್ಯಾಹ್ನಕ್ಕೆ ಜಾರಿ, ತೊಂಗೆರೆತ್ ಹತ್ತುವ ಹೊತ್ತಿಗೆ ಕಿಟಕಿಯಲ್ಲಿ ಸಂಜೆಯ ಕೆಂಪು. ಕಾಂಗ್ ಗುಗುಮ್ ಬಾಯಿ ತೆರೆದ. ತೇಹ್ ನಿನಿಂಗ್ ಫ್ಲಾಸ್ಕನ್ನು ಕಣ್ಣಿಗಿಟ್ಟಳು. ಪೂರ್ತಿ ಮಂಜು. ಗುರಗುರ ತಿರುಗಿಸಿದಳು. ಒಂದು ಮೂಗಿನ ಹೊಳ್ಳೆ ಕಾಣಿಸಿತು. ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ಬಿದಿರು. ಮತ್ತೆ ತಿರುಗಿಸಿದಳು, ಹಲ್ಲು. ಪಕ್ಕಕ್ಕೆ ವಾಲಿದಳು, ಯಾರದೋ ಮೊಣಕೈ. ಬಿದಿರಿನ ಈಚೆ ನಿಂತು ನಾನು ಕುಣಿಯುವುದನ್ನೂ ಮರೆತು ಅವಳನ್ನೇ ನೋಡುತ್ತಿದ್ದೆ. ಅವಳ ಭುಜಕ್ಕೆ ಕೈ ಬಿತ್ತು.

“ಮೂರಾಯ್ತಮ್ಮ ನೆಂಗ್. ಹೊರಗೆ,” ಅಂದರು ಮಾಂಗ್ ಉಚಾ.

“ಏನು ಮೂರಾಯ್ತು ಮಾಂಗ್? ಇನ್ನೂ ಶುರುವೇ ಆಗಿಲ್ಲ!”

“ಮೂರು ಸಲ ಶುರುವಾಯ್ತು, ಮೂರು ಸಲ ನಿಂತೋಯ್ತು. ಬೆರಳಲ್ಲಿ ಲೆಕ್ಕ ಇಟ್ಟಿದೀನಿ.”

ಕಾಂಗ್ ರುಸ್ಮಾನ ಆಗಲೇ ಹೊರಬಂದು ಕ್ಯಾಮೆರಾಗಳನ್ನು ಬ್ಯಾಗಿಗೆ ತುಂಬುತ್ತಿದ್ದ. ಅವನಿಗೆ ಮೂರೇ ಹಾಡು ಸಾಕಾಗಿದ್ದವು. ಇವಳು ಹೊರಬಂದು ನನಗೆ ತೋರಿಸಿದಳು. ಹೊಳ್ಳೆ, ಹಲ್ಲು, ಹೊಳ್ಳೆ, ಕಪ್ಪು, ಕಪ್ಪು, ಕಿವಿ.

“ಕಿವಿ ಚೆನ್ನಾಗಿದೆ ತೇಹ್,” ಅಂದೆ.

“ಸುಮ್ನಿರು,” ಅಂದಳು. ಕಣ್ಣಲ್ಲಿ ನೀರು ಬಂದಿತ್ತು.

ಇನ್ನೆರಡು ಹಾಡು ಮುಗಿಯುವಷ್ಟರಲ್ಲಿ ಕಾಂಗ್ ಗುಗುಮ್ ಕೈ ಎತ್ತಿದ. ಡ್ರಮ್ ನಿಂತಿತು. ಹೊರಗೆ ಮಸೀದಿಯ ಮೈಕಿನಲ್ಲಿ ಸಂಜೆಯ ಕರೆ. ಎಷ್ಟೇ ಗದ್ದಲದ ಶೋ ಇರಲಿ, ಮಗ್ರಿಬ್‌ಗೆ ನಮ್ಮಲ್ಲಿ ಎಲ್ಲ ಬಂದ್. ಈಗಷ್ಟೇ ಒಬ್ಬರಿಗೊಬ್ಬರು ಗುದ್ದಾಡಿಕೊಂಡವರೆಲ್ಲ ವುಳುವಿಗೆ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು, ಹಿತ್ತಲ ನಲ್ಲಿಯ ಮುಂದೆ ಸಾಲು ನಿಂತು ಪ್ಯಾಂಟು ಮಡಚತೊಡಗಿದರು. ಉಳಿದವರು ಕಡ್ಡಿಗೆ ಚುಚ್ಚಿ ಕೊಡುವ ಹಿಟ್ಟಿನ ಉಂಡೆ, ಚಿಲೊಕ್‌ನ ಗಾಡಿಗೆ ಮುತ್ತಿದರು.

ಆ ಸಾಲಿನಲ್ಲೇ ತೇಹ್ ನಿನಿಂಗ್‌ಗೆ ಹೊಳೆದದ್ದು. ಮಾಂಗ್ ಉಚಾ ಕಾಲು ತೊಳೆಯುತ್ತಿದ್ದರು.

“ಮಾಂಗ್, ನಮಾಜ್ ಆದ್ಮೇಲೆ ಹೊಸ ಶೋ ತಾನೆ?”

“ಅದೇ ಶೋ. ಮಧ್ಯೆ ನಿಲ್ಸಿದ್ದು ಅಷ್ಟೆ.”

“ವುಳು ಮುರಿದ್ರೆ ಮತ್ತೆ ಮೊದ್ಲಿಂದ ಮಾಡಲ್ವಾ? ಉಳಿದಷ್ಟು ಮಾತ್ರ ಮಾಡ್ತೀವಾ?”

ಮಾಂಗ್ ಉಚಾ ನಲ್ಲಿ ತಿರುಗಿಸುವುದನ್ನೇ ಮರೆತರು. “ಅದು ಬೇರೆ, ಇದು ಬೇರೆ,” ಅಂದರು. ಆಮೇಲೆ, “ಬೇರೇನಾ?” ಅಂದರು. ಹಿಂದಿನಿಂದ ಒಬ್ಬ, “ಶೋ ಮುರಿದ್ರೆ ಲೆಕ್ಕನೂ ಮುರಿದಂಗೆ ಮಾಂಗ್!” ಅಂದ. ಇನ್ನೊಬ್ಬ, “ಮುರಿದದ್ದು ಬ್ಯಾಂಡು, ಫೋಟೋದವ್ರಲ್ಲ!” ಅಂದ. ನೀರು ಹರಿಯುತ್ತಲೇ ಇತ್ತು. ಅದನ್ನು ನಿಲ್ಲಿಸಿದವನು ಎಲ್ಲ ಕೇಳಿಸಿಕೊಳ್ಳುತ್ತ ಪಕ್ಕದಲ್ಲಿ ಮುಖ ತೊಳೆಯುತ್ತಿದ್ದ ಕಾಂಗ್ ಗುಗುಮ್.

ಕೊನೆಗೆ ಮಾಂಗ್ ಉಚಾ ತೀರ್ಪು ಕೊಟ್ಟರು: “ಬಾ. ಆದ್ರೆ ಮತ್ತೆ ಮೂರೇ. ಬೆರಳು ನನ್ನದು.”

ಈಗ ಮತ್ತೆ ಅದೇ ಗೋಳು, ಯಾವ ಲೆನ್ಸ್? ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದರಲ್ಲಿ ಕಾಲುಚೀಲ ಹಿಡಿದು ಅವಳು ಕಾಂಗ್ ರುಸ್ಮಾನನ ಹತ್ತಿರ ಹೋದಳು. ಅವನು ಗೋಡೆಗೊರಗಿ ಚಿಲೊಕ್ ತಿನ್ನುತ್ತಿದ್ದ.

“ಕಾಂಗ್, ಯಾವ್ದು ಹಾಕ್ಲಿ?”

“ಏನು ತೆಗೀಬೇಕು ಅನ್ನೋದ್ರ ಮೇಲೆ ಹೋಗುತ್ತೆ.”

“ಏನು ತೆಗೀಬೇಕು ಅಂತ್ಲೇ ಗೊತ್ತಿಲ್ವಲ್ಲ!”

“ಮೊದ್ಲು ಇದು ತಿನ್ನು,” ಅಂತ ಕಡ್ಡಿ ಚಾಚಿದ. “ನೀವು ಬರಲ್ವಾ ಒಳಗೆ?” ಅಂತ ಇವಳು ಕೇಳಿದ್ದಕ್ಕೆ, “ಇನ್ನು ಮೂರು ಸೀನಿಗೆ ಯಾರು ಬ್ಯಾಗ್ ಬಿಚ್ತಾರೆ?” ಅಂದ.

ನಮಾಜ್ ಮುಗಿದು ಹಾಲ್‌ನ ದೀಪ ಆರಿಸಿದರು. ಇವಳು ಇನ್ನೂ ಯೋಚಿಸುತ್ತಲೇ ಇದ್ದಳು. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡಳು. ಸಿಕ್ಕಿದ್ದು ಗಿಡ್ಡನೆಯದು. ಫ್ಲಾಸ್ಕನ್ನು ನನ್ನ ಕೈಗೆ ತುರುಕಿ ಓಣಿಗೆ ನುಗ್ಗಿದಳು.

ಕಾಂಗ್ ಗುಗುಮ್ ಮೈಕು ಹಿಡಿದ. “ಮುಂದಿನ ಹಾಡು,” ಅಂದ, “ಸ್ವಲ್ಪ ಉದ್ದ.”

ಮಾಂಗ್ ಉಚಾ ಒಂದು ಬೆರಳು ಎತ್ತಿದರು.

ಹಾಡು ಮುಗಿಯಿತು ಅನ್ನುವಷ್ಟರಲ್ಲಿ ಡ್ರಮ್ಮಿನವನು ನಿಲ್ಲಿಸದೆ ಇನ್ನೊಂದಕ್ಕೆ ಹಾರಿದ. ಅದರಿಂದ ಮತ್ತೊಂದಕ್ಕೆ. ಹಾಡಿಗೂ ಹಾಡಿಗೂ ನಡುವೆ ಒಂದು ಉಸಿರಿನ ಬಿಡುವೂ ಇಲ್ಲ. ಅವರ ಹಾಡೆಲ್ಲ ಬಾಯಿಪಾಠ ಇರುವ ನಮಗೆ ಗೊತ್ತಾಗಿ ಹೋ ಅಂದೆವು. ಮಾಂಗ್ ಉಚಾಗೆ ಏನು ಗೊತ್ತು? ಮುಗಿದರೆ ತಾನೆ ಎರಡನೇ ಬೆರಳು? ಆ ಒಂದು ಬೆರಳನ್ನು ಎತ್ತಿಕೊಂಡೇ ವೇದಿಕೆಯನ್ನೊಮ್ಮೆ, ಇವಳನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದರು. “ಇದು ಒಂದೇನಾ?” ಅಂತ ಕೂಗಿದರು. “ಒಂದೇ ಮಾಂಗ್!” ಅಂತ ಇಡೀ ಹಾಲ್ ಕೂಗಿತು. ಕಾಂಗ್ ರುಸ್ಮಾನ ಗೋಡೆಯ ಬಳಿ ಬ್ಯಾಗಿನ ಜಿಪ್ ಎಳೆಯುತ್ತಿದ್ದ, ಅದು ಸಿಕ್ಕಿಕೊಂಡಿತ್ತು.

ಆಗಲೇ ಕಾಂಗ್ ಗುಗುಮ್ ವೇದಿಕೆಯ ಅಂಚಿಗೆ ಮಂಡಿಯೂರಿ ಮಾಂಗ್ ಉಚಾರ ಮುಖಕ್ಕೆ ಮುಖವಿಟ್ಟು ಕಿರುಚಿದ. ಅವರು ಅಲುಗಾಡಲಿಲ್ಲ. ಬೆರಳೂ ಇಳಿಯಲಿಲ್ಲ. ತೇಹ್ ನಿನಿಂಗ್ ಬೆನ್ನನ್ನು ಬಿದಿರಿಗೆ ಒತ್ತಿ, ಗಿಡ್ಡ ಲೆನ್ಸಿನಲ್ಲಿ ಇಬ್ಬರೂ ಹಿಡಿಸುವಂತೆ ನಿಂತು, ಗುಂಡಿ ಒತ್ತಿದಳು.

ಆಮೇಲೆ ನೋಡಿದರೆ ಕಾಂಗ್ ಗುಗುಮ್‌ನ ಮುಖ ಅರ್ಧ ಮಬ್ಬು. ಚೂಪಾಗಿ ಬಂದದ್ದು ಬೆರಳು. ಅದರ ಹಿಂದೆ ಹುಬ್ಬು ಗಂಟಿಕ್ಕಿದ ಮಾಂಗ್ ಉಚಾ, ಎದುರಿಗೆ ಎಂಜಲು ಹಾರುವ ಬಾಯಿ.

“ಬೆರಳಿಗೆ ಫೋಕಸ್ ಆಗ್ಬಿಟ್ಟಿದೆ. ಹೋಯ್ತು, ಸೀಟು ಹೋಯ್ತು,” ಅಂದಳು. ಅಳಿಸಲಿಕ್ಕೂ ಹೋದಳು, ನಾನು ಕ್ಯಾಮೆರಾ ಕಿತ್ತುಕೊಂಡೆ. ಕಾಂಗ್ ರುಸ್ಮಾನನ ಫೋಟೋಗಳಲ್ಲಿ ಬೆವರಿನ ಹನಿಯನ್ನೂ ಎಣಿಸಬಹುದಿತ್ತು. ಆದರೂ ಬೇರೇನೂ ಕಳಿಸಲು ಇಲ್ಲದೆ ಇವಳು ಬ್ಯಾಂಡಿಗೆ ಬೆರಳನ್ನೇ ಕಳಿಸಿದಳು.

ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಕಾಂಗ್ ಗುಗುಮ್ ಅವಳ ಅಚ್ಚಿನ ಅಂಗಡಿಗೆ ಬಂದು ಕರಿ ಟೀ ಶರ್ಟುಗಳ ಕಟ್ಟನ್ನು ಮೇಜಿನ ಮೇಲೆ ಒಗೆದ.

“ಇದಕ್ಕೆಲ್ಲ ಮಾಂಗ್ ಉಚಾ ಹಾಕು. ಊರೂರಲ್ಲಿ ಮಾರೋಣ.”

“ಹಾಕ್ತೀನಿ ಕಾಂಗ್.” ಅವಳು ಕಟ್ಟನ್ನು ಬಿಚ್ಚತೊಡಗಿದಳು. “ಸೀಟು ಕಾಂಗ್ ರುಸ್ಮಾನಂಗೆ, ಅಲ್ವಾ?”

“ಅವ್ನು ನನ್ನನ್ನ ಚೆನ್ನಾಗಿ ತೆಗ್ದಿದಾನೆ, ನಮ್ಮಮ್ಮನಿಗೆ ಕೊಟ್ಟಿದೀನಿ. ನಮ್ ಶೋ ಹೆಂಗಿತ್ತು ಅಂತ ಇರೋದು ನಿನ್ ಫೋಟೋದಲ್ಲೇ. ಗುರುವಾರ ಬೆಳಿಗ್ಗೆ ಹೊರಡ್ತೀವಿ. ಬ್ಯಾಗ್ ಚಿಕ್ಕದಿರ್ಲಿ.”

ಅವಳ ಕೈಯಲ್ಲಿದ್ದ ಟೀ ಶರ್ಟು ಕೆಳಗೆ ಬಿತ್ತು. ಅವನು ಬಾಗಿಲು ದಾಟುವಷ್ಟರಲ್ಲಿ ಕೂಗಿದಳು:

“ಕಾಂಗ್! ಯಾವ ಲೆನ್ಸ್ ತರ್ಲಿ?”

“ನನಗೇನೇ ಗೊತ್ತು? ನಾನು ಕಿರುಚೋನು!”

ಅದೇ ಸಂಜೆ ಚೆಯು ಯೋಯೋಹ್ ಅಂಗಡಿಯಲ್ಲಿ ಫ್ಲಾಸ್ಕ್ ಹಿಂತಿರುಗಿಸಿ ಗುರುತಿನ ಚೀಟಿ ಇಸಿದುಕೊಂಡೆವು. ಹೊರಟವಳು ಬಾಗಿಲಲ್ಲಿ ನಿಂತಳು. ವಾಪಸು ಹೋಗಿ ಫ್ಲಾಸ್ಕನ್ನು ಇನ್ನೊಮ್ಮೆ ಎತ್ತಿ ನೋಡಿದಳು, ಕೆಳಗಿಟ್ಟಳು, ನನ್ನ ಮುಖ ನೋಡಿದಳು. ಈ ಸಲ ನಾನು ತಲೆ ಆಡಿಸಲಿಲ್ಲ.